ಈ ಸಲವೂ ಸೇತುವೆ

‘ವೂ’ ಎಂಬ ಒಂದೇ ಒಂದು ಅಕ್ಷರ ತನ್ನ ಕುಂಚದಿಂದ ಜಾರಿ ಯಾವಾಗ ಗೋಡೆ ಸೇರಿತೆಂದು ಬೋರ್ಡಣ್ಣನಿಗೆ ಗೊತ್ತೇ ಆಗಲಿಲ್ಲ.

ಹೊಳೆದಂಡೆಯ ಉಗ್ರಾಣದ ಗೋಡೆಗೆ ಆಳೆತ್ತರದ ಅಕ್ಷರಗಳಲ್ಲಿ ‘ಈ ಸಲ ಸೇತುವೆ’ ಎಂದು ಬರೆಯುವುದು ಅಂದಿನ ಕೆಲಸ. ಆಚೆ ದಡದ ಮತದಾರರಿಗೂ ಕಾಣಬೇಕೆಂದು ಪಕ್ಷದವರು ಹೇಳಿದ್ದರು. ಅಂಗಡಿಗಳ ಬೋರ್ಡು ಬರೆದು ಬರೆದೇ ಊರಿಗೆಲ್ಲ ಬೋರ್ಡಣ್ಣನಾದವನು, ಹಿಂದಿನ ನಾಲ್ಕು ಚುನಾವಣೆಗಳಲ್ಲೂ ಇದೇ ಗೋಡೆಯ ಮೇಲೆ ಇದೇ ಸೇತುವೆ ಬರೆದಿದ್ದ. ಬಣ್ಣ ಬದಲಾಗುತ್ತಿತ್ತು, ಚಿಹ್ನೆ ಬದಲಾಗುತ್ತಿತ್ತು, ಒಮ್ಮೊಮ್ಮೆ ಅದೇ ನಾಯಕರು ಪಕ್ಷ ಬದಲಾಯಿಸಿಕೊಂಡು ಬರುತ್ತಿದ್ದರು. ಹೇಗೂ ಸೇತುವೆ ಬರುತ್ತದಲ್ಲ ಎಂದು ಇದ್ದ ದೋಣಿಯನ್ನೂ ನಿಲ್ಲಿಸಿದ್ದರು. ಈವರೆಗೆ ಆದ ಕಾಮಗಾರಿ ಅದೊಂದೇ.

ನಿಜವಾಗಿ ತಪ್ಪು ಫೋನಿನದು. ಬೆಳಿಗ್ಗೆ ಏಣಿಗೆ ಕಾಲಿಡುವ ಹೊತ್ತಿಗೆ ಮಗಳು ಮಾಡಿದ್ದಳು. ಅವಳ ಮನೆ ಎದುರು ದಡದಲ್ಲೇ. ತಾರಸಿಯ ಮೇಲೆ ಬಟ್ಟೆ ಹರವಿದರೆ ಇಲ್ಲಿಗೆ ಕಾಣುತ್ತದೆ. ಹೋಗಬೇಕೆಂದರೆ ಮಾತ್ರ ಮೂರು ಬಸ್ಸು, ಏಳು ಗಂಟೆ. ಹೋದ ವರ್ಷ ಒಮ್ಮೆ ಹೋಗಿಬಂದದ್ದಕ್ಕೆ ಬೋರ್ಡಣ್ಣನ ಸೊಂಟ ಹತ್ತು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಆಗ ಅವನ ತೊಡೆಯ ಮೇಲೆ ಮಲಗಿದ್ದ ಮೊಮ್ಮಗಳು ಈಗ ನಡೆಯುತ್ತಾಳಂತೆ. ಅವನ ಪಾಲಿಗೆ ಅವಳು ತಾರಸಿಯ ಮೇಲೆ ಆಚೀಚೆ ಸರಿದಾಡುವ ಒಂದು ಕೆಂಪು ಚುಕ್ಕೆ.

“ಅಪ್ಪಾ, ರಜೆ ಸಿಕ್ತು. ಟಿಕೆಟ್ಟೂ ಸಿಕ್ತು. ನಾಳೆ ಬೆಳಿಗ್ಗೆ ಹೊರಟ್ರೆ ಸಂಜೆ ಹೊತ್ತಿಗೆ ಅಲ್ಲಿರ್ತೀವಿ. ನಾಲ್ಕು ದಿನ ಇರ್ತೀವಿ.”

“ಪಾಪು ನನ್ನ ಗುರುತು ಹಿಡೀತಾಳೇನೆ?”

“ಏಣಿ ಕಂಡ ಕಡೆಯೆಲ್ಲ ತಾತ ಅಂತಾಳೆ.”

ಇಷ್ಟು ಕೇಳಿದವನ ಕೈ ಗೋಡೆಯ ಮೇಲಿದ್ದರೂ ಕಣ್ಣು ಆಚೆ ದಡದಲ್ಲಿತ್ತು. ಇಪ್ಪತ್ತು ವರ್ಷದಿಂದ ಮನಸ್ಸಿನಲ್ಲಿದ್ದ ಮಾತನ್ನು ಕೈ ತಾನಾಗಿ ಬರೆದುಬಿಟ್ಟಿತು: ‘ಈ ಸಲವೂ ಸೇತುವೆ.’

ಮೊದಲು ಕಂಡವರು ನಿವೃತ್ತ ಮೇಷ್ಟ್ರು. ಗೋಡೆಯ ಮುಂದೆ ನಿಂತು, ಕನ್ನಡಕ ಒರೆಸಿಕೊಂಡು, ಮತ್ತೊಮ್ಮೆ ಓದಿದರು.

“ಬೋರ್ಡಣ್ಣ, ‘ಅವನೂ ಬಂದ’ ಅಂದ್ರೆ ಮೊದಲೇ ಇನ್ನೊಬ್ಬ ಬಂದಿದ್ದ ಅಂತ ಅರ್ಥ. ವ್ಯಾಕರಣ ಹಾಗನ್ನುತ್ತೆ. ಇಲ್ಲಿ ಮೊದಲು ಬಂದದ್ದು ಯಾವುದು?”

“ಇದೇ ಗೋಡೆಬರಹ,” ಎಂದಳು ಚಹಾದಂಗಡಿಯ ಅಕ್ಕ, ಲೋಟ ತೊಳೆಯುತ್ತಲೇ.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಬೋರ್ಡಣ್ಣ ಗಾಬರಿಯಾಗಿ ಸುಣ್ಣದ ಡಬ್ಬಿಗೆ ಕೈ ಹಾಕುವಷ್ಟರಲ್ಲಿ ಯಾರೋ ಫೋಟೊ ತೆಗೆದಾಗಿತ್ತು. ಸುದ್ದಿ ಗಾಳಿಗಿಂತ ಮುಂಚೆ ಊರು ಸುತ್ತಿತು. ಕಾಲು ಗಂಟೆಯಲ್ಲಿ ಎದುರು ಪಕ್ಷದ ನಾಲ್ಕು ಜನ ಓಡಿಬಂದು ಏಣಿಯ ಎಡಗಾಲು ಹಿಡಿದುಕೊಂಡರು.

“ಅಳಿಸಬೇಡಿ ಅಣ್ಣ. ಇಷ್ಟು ವರ್ಷದಲ್ಲಿ ಈ ಗೋಡೆ ಆಡಿದ ಒಂದೇ ಒಂದು ಸತ್ಯ ಇದು.”

ಅವರ ಹಿಂದೆಯೇ ಬರೆಸಿದ ಪಕ್ಷದ ಮರಿನಾಯಕ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ. ಅವನ ಕಡೆಯವರು ಬಲಗಾಲು ಹಿಡಿದರು.

“ಅಳಿಸ್ತೀರೋ ಇಲ್ವೋ? ನಾವು ಬದಲಾವಣೆ ತರೋಕೆ ಹೊರಟವರು.”

“ಹೋದ ಸಲ ನೀನು ನಮ್ಮ ಪಕ್ಷದಲ್ಲೇ ಇದ್ಯಲ್ಲಪ್ಪ,” ಎಂದ ಎಡಗಾಲಿನವನೊಬ್ಬ.

“ಅದೇ ಬದಲಾವಣೆ,” ಎಂದರು ಮೇಷ್ಟ್ರು.

ಎಡದವರು ಎಡಕ್ಕೆಳೆದರು, ಬಲದವರು ಬಲಕ್ಕೆಳೆದರು. ನಡುವೆ ಮೇಲೆ ನಿಂತ ಬೋರ್ಡಣ್ಣ ಗಾಳಿಗೆ ಸಿಕ್ಕ ಒಣಹಾಕಿದ ಪಂಚೆಯಂತೆ ಓಲಾಡಿದ. ಅಂಗಡಿ ಬೋರ್ಡೊಂದರಿಂದ ಉಳಿದು ಏಣಿಗೆ ತೂಗಿಬಿಟ್ಟಿದ್ದ ನೀಲಿ ಬಣ್ಣದ ಡಬ್ಬಿ ಜಾರಿ ಮರಿನಾಯಕನ ಬಿಳಿ ಅಂಗಿಗೆ ಅಭಿಷೇಕವಾಯಿತು. ನೀಲಿ ಎದುರು ಪಕ್ಷದ ಬಣ್ಣ. ಎಡಗಾಲಿನವರು ಚಪ್ಪಾಳೆ ತಟ್ಟಿ, ಏಣಿ ಬಿಟ್ಟು, ಆ ಫೋಟೊ ಹಂಚಲು ಓಡಿದರು.

ಉಳಿದವರ ಕೈಗೆ ಸಿಕ್ಕ ಬೋರ್ಡಣ್ಣ ತೆಪ್ಪಗೆ ‘ವೂ’ ಮೇಲೆ ಸುಣ್ಣ ಬಳಿದ. ಆದರೆ ಅಲ್ಲೊಂದು ಬಿಳಿ ಕಲೆ ಉಳಿದು, ಹಲ್ಲು ಬಿದ್ದ ಬಾಯಿಯಂತೆ ಕಂಡಿತು.

“ಖಾಲಿ ಬಿಟ್ರೆ ಜನ ಮತ್ತೆ ಅದನ್ನೇ ಓದ್ತಾರೆ,” ಎಂದ ನೀಲಿ ಮರಿನಾಯಕ. “ಅಲ್ಲಿ ‘ಖಂಡಿತ’ ಅಂತ ಬರೀರಿ. ಕೆಂಪಲ್ಲಿ.”

ಬರೆದ. ‘ಈ ಸಲ ಖಂಡಿತ ಸೇತುವೆ.’ ಇಳಿಯುವ ಹೊತ್ತಿಗೆ ಮಧ್ಯಾಹ್ನದ ಬಿಸಿಲು ಇಳಿದಿತ್ತು. ಮನೆ ಗುಡಿಸಬೇಕು, ಮಗುವಿಗೆ ಹಾಲು ಹೇಳಬೇಕು, ಮಂಚದ ಅಂಚಿಗೆ ದಿಂಬು ಕಟ್ಟಬೇಕು ಎಂದುಕೊಳ್ಳುತ್ತ ಅವನು ಕುಂಚ ತೊಳೆಯುತ್ತಿದ್ದಾಗ ಮಗಳು ಮತ್ತೆ ಫೋನು ಮಾಡಿದಳು.

“ಅಪ್ಪಾ, ಬೆಳಿಗ್ಗೆ ‘ಈ ಸಲವೂ’ ಅಂತ ನೋಡಿ ಒಬ್ಬಳೇ ನಕ್ಕೆ. ಆಮೇಲೆ ನೋಡಿದ್ರೆ ನೀನೇ ಅದನ್ನ ಅಳಿಸಿ ‘ಖಂಡಿತ’ ಅಂತ ಬರೀತಿದ್ದೆ. ಹುಟ್ಟಿದಾಗಿಂದ ನಾನು ಏನು ಕೇಳಿದ್ರೂ ‘ನೋಡೋಣ’ ಅಂತಿದ್ದವನು ನೀನು. ಗಟ್ಟಿ ಸುದ್ದಿ ಇಲ್ದೆ ಖಂಡಿತ ಅನ್ನೋನಲ್ಲ. ಅದಕ್ಕೇ ಟಿಕೆಟ್ ವಾಪಸ್ ಮಾಡಿಬಿಟ್ಟೆ.”

“ಏನು ಮಾಡ್ದೆ?”

“ಪಾಪುಗೆ ಬಸ್ಸಲ್ಲಿ ವಾಂತಿ ಆಗುತ್ತಪ್ಪ, ಏಳು ಗಂಟೆ ಯಾಕೆ ಸಾಯ್ಬೇಕು. ಸೇತುವೆ ಆಗ್ಲಿ. ಮೊದಲ ದಿನಾನೇ ಕೈ ಹಿಡ್ಕೊಂಡು ನಡ್ಕೊಂಡೇ ಬರ್ತೀವಿ.”

“ಅಯ್ಯೋ ಹುಚ್ಚಿ, ಅದು ಅವರು ಬರೆಸಿದ್ದು ಕಣೇ. ಸೇತುವೆನೂ ಇಲ್ಲ, ಗೀತುವೆನೂ ಇಲ್ಲ. ಈಗಲೇ ಹೋಗಿ ಟಿಕೆಟ್ ತಗೊ.”

“ಇನ್ನೆಲ್ಲಿ ಸಿಗುತ್ತಪ್ಪ? ನಾಳೆಯ ಸೀಟು ಆಗಲೇ ಬೇರೆಯವರಿಗೆ ಹೋಯ್ತು, ನಾಡಿದ್ದಿನಿಂದ ವಾರವಿಡೀ ಬಸ್ಸೇ ಇಲ್ಲ ಅಂದ್ರು. ಸೇತುವೆ ಬಗ್ಗೆ ದೊಡ್ಡ ಸಭೆ ಇದ್ಯಂತೆ, ಜನರನ್ನ ಕರ್ಕೊಂಡು ಹೋಗೋಕೆ ಎಲ್ಲ ಬಸ್ಸೂ ತಗೊಂಡಿದಾರೆ. ನನ್ನ ರಜೆ ಈ ವಾರ ಮಾತ್ರ.”

ಬೋರ್ಡಣ್ಣ ಹೊಳೆಯ ಕಡೆ ನೋಡಿದ. ತಾರಸಿಯ ಅಂಚಿನಲ್ಲಿ ಕೆಂಪು ಚುಕ್ಕೆ ಓಡುತ್ತ ಬಂದು ನಿಂತಿತು. ಅದು ಕೈ ಬೀಸಿತೋ ಇಲ್ಲವೋ ಇಷ್ಟು ದೂರಕ್ಕೆ ತಿಳಿಯಲಿಲ್ಲ. ಇವನಂತೂ ಬೀಸಿದ.

ಮರಿನಾಯಕ ಹಿಂದಕ್ಕೆ ಸರಿದು, ಕತ್ತು ಓರೆ ಮಾಡಿ ಗೋಡೆ ನೋಡಿದ. “ಅಕ್ಷರ ಚೆನ್ನಾಗಿ ಬಂದಿದೆ. ಆದ್ರೆ ಬೋರ್ಡಣ್ಣ, ನಿಜ ಹೇಳಿ, ಇದನ್ನ ಯಾರಾದ್ರೂ ನಂಬ್ತಾರಾ?”

“ಒಬ್ಬಳು ನಂಬಿದ್ಲು,” ಎಂದು ಬೋರ್ಡಣ್ಣ ಏಣಿ ಹೆಗಲಿಗೇರಿಸಿದ.