ಚೌರಪ್ಪನ ಚಿರತೆ

ಎಲ್ಲಕ್ಕೂ ಮೂಲ ಭಾನುವಾರ ಚರ್ಚಿನಲ್ಲಿ ಫಾದರ್ ಮಾಡಿದ ಉಪದೇಶ. "ಮೊಬೈಲನ್ನು ದೇವರ ಕೆಲಸಕ್ಕೆ ಬಳಸಿ. ಬಂದದ್ದನ್ನೇ ಫಾರ್ವರ್ಡ್ ಮಾಡಬೇಡಿ. ನಮ್ಮ ಜನಕ್ಕೆ ತಟ್ಟುವ ಹಾಗೆ ನೀವೇ ಬರೆಯಿರಿ" ಎಂದು ಫಾದರ್ ಹೇಳಿದ್ದು ಇಡೀ ಚರ್ಚಿನಲ್ಲಿ ಚೌರಪ್ಪನೊಬ್ಬನಿಗೇ ತಟ್ಟಿತು. ಕನಕಪುರದ ಆಚೆಯ ಆ ಊರಿನ ಚರ್ಚಿನ ವಾಟ್ಸಾಪ್ ಗುಂಪಿಗೆ ಅವನೇ ಅಡ್ಮಿನ್.

ಸೋಮವಾರ ಹಾರೋಹಳ್ಳಿಯ ಫ್ಯಾಕ್ಟರಿಗೆ ರಜೆ. ಬೆಳಿಗ್ಗೆಯೇ ಸೈತಾನನ ಬಗ್ಗೆ ಬರೆಯಲು ಕೂತ. ಸೈತಾನನನ್ನು ಸಿಂಹಕ್ಕೆ ಹೋಲಿಸುವುದು ಬೈಬಲಿನ ವಾಡಿಕೆ. ಆದರೆ ಈ ಸೀಮೆಯಲ್ಲಿ ಸಿಂಹ ಕಂಡವರು ಯಾರು? ಚೌರಪ್ಪ ಸಿಂಹವನ್ನು ಅಳಿಸಿ ಚಿರತೆ ಮಾಡಿದ. ತಿಳಿದವರು ತಿಳಿದುಕೊಳ್ಳಲಿ ಎಂದು ಸೈತಾನ ಎಂಬ ಮಾತನ್ನೇ ಬಿಟ್ಟ.

"ಚಿರತೆ ನಮ್ಮೂರಲ್ಲೇ ತಿರುಗುತ್ತಿದೆ. ಮಂದೆಯಲ್ಲಿ ಕುರಿಗಳು ಕಡಿಮೆಯಾಗಿವೆ. ಎಚ್ಚರವಾಗಿರಿ."

ಕಡಿಮೆಯಾದ ಕುರಿಗಳೆಂದರೆ ಚರ್ಚಿನ ಪೂಜೆಗೆ ಬಾರದವರು. ಕಳಿಸಿ, ನೆಮ್ಮದಿಯಾಗಿ ಮುದ್ದೆ ಉಂಡ. ಕೈ ತೊಳೆಯಲು ಹೊರಗೆ ಬಂದರೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಪಕ್ಕದ ಮನೆಯ ಕೆಂಚಮ್ಮ ಕಿಟಕಿಯಿಂದಲೇ ಕಿರುಚಿದಳು.

"ಒಳೀಕ್ ಹೋಗಪ್ಪ ಚೌರಪ್ಪ! ಚಿರತೆ ಬಂದ್ಬುಟ್ಟೈತಂತೆ! ನಮ್ ರೇಷ್ಮೆ ಬೆಳೆಗಾರ್ರ ಗುಂಪಲ್ಲಿ ಯಾರೋ ಹಾಕವ್ರೆ, ನೀನೂ ಇದ್ದೀಯಲ್ಲ, ನೋಡ್ನಿಲ್ವ? ಸೊಪ್ ಕುಯ್ಯಾಕ್ ಹೋದೋರೆಲ್ಲ ಓಡ್ಬಂದವ್ರೆ. ಹುಳ ಉಪಾಸ ಕಣಪ್ಪ!"

ಚೌರಪ್ಪ ಮೊದಲು ಚಿರತೆಗೆ ಹೆದರಿದ. ಅದು ತಾನೇ ಬಿಟ್ಟ ಚಿರತೆ ಎಂದು ಹೊಳೆದ ಮೇಲೆ ಇನ್ನೂ ಹೆದರಿದ. ಬಾಯಿ ಬಿಡೋಣವೆಂದುಕೊಳ್ಳುವಷ್ಟರಲ್ಲಿ, ಯಾರೋ ಮಾಡಿದ ಫೋನಿಗೆ ಅರಣ್ಯ ಇಲಾಖೆಯ ಗಾರ್ಡ್ ಅನಂತರಾಜು ಟ್ರ್ಯಾಕ್ಟರಿನಲ್ಲಿ ಬೋನು ಹೇರಿಕೊಂಡು ಬಂದೇಬಿಟ್ಟ.

"ಯಾರ್ರೀ ನೋಡಿದ್ದು? ಸುಳ್ಳಾದ್ರೆ ಕೇಸ್ ಜಡ್ದು ಒಳೀಕ್ ಹಾಕ್ಸ್ತೀನಿ!"

ಚೌರಪ್ಪ ಫೋನನ್ನು ಮೆಲ್ಲಗೆ ಜೇಬಿಗೆ ಇಳಿಸಿದ.

"ಬೋನೊಳಿಕ್ಕೆ ಕಟ್ಟಾಕೊಂದು ಆಡು ಬೇಕಲ್ಲ?" ಎಂದ ಗಾರ್ಡ್.

"ಚೌರಪ್ಪನ ಮನೇಲೈತೆ ಸಾರ್, ಒಳ್ಳೇ ಆಡು!" ಎಂದಳು ಕೆಂಚಮ್ಮ. ಬೇಡವೆಂದರೆ ಎಲ್ಲಿ ಅನುಮಾನ ಬರುತ್ತದೋ ಎಂದು ಚೌರಪ್ಪ ತಾನೇ ಆಡನ್ನು ಎಳೆದು ತಂದ. ಅದು ಅವನ ಹೆಂಡತಿ ಲೂರ್ದಮ್ಮನ ಮುದ್ದಿನ ಆಡು.

"ಅದಿಲ್ದೆ ನೀನೂ ಮನೆಗ್ ಬರ್ಬ್ಯಾಡ" ಎಂದು ಅವಳು ಬಾಗಿಲು ಹಾಕಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಹಸಿದ ಹುಳಗಳನ್ನು ನೋಡಿ ಕೆಂಚಮ್ಮ ಅಳುವುದು ಗೋಡೆಯಾಚೆ ಕೇಳತೊಡಗಿತು. ಜಗಲಿಯ ಮೇಲಿದ್ದ ಚೌರಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಫಾದರ್ ಬಳಿಗೆ ಓಡಿಹೋಗಿ ಎಲ್ಲ ಹೇಳಿದ.

"ಹೆದರ್ಬೇಡ. ಯಾವ ಫೋನಿಂದ ತಪ್ಪಾಯ್ತೋ ಅದರಿಂದಲೇ ನಿಜ ಬರಿ" ಎಂದರು ಅವರು.

ಚೌರಪ್ಪ ಚರ್ಚಿನ ಗುಂಪಿಗೂ ರೇಷ್ಮೆ ಗುಂಪಿಗೂ ಬರೆದ: "ಕ್ಷಮಿಸಿ. ಊರಿಗೆ ಯಾವ ಚಿರತೆಯೂ ಬಂದಿಲ್ಲ. ನಾನು ಚಿರತೆ ಎಂದು ಬರೆದರೆ ಅದು ಸೈತಾನ ಎಂದು ದಯವಿಟ್ಟು ತಿಳಿಯಿರಿ."

ಊರಿನ ಬೈಗುಳ ಒಂದು ಕಡೆ, ಗಾರ್ಡ್ ಅನಂತರಾಜುವಿನ ಫೋನು ಇನ್ನೊಂದು ಕಡೆ. "ಇದೊಂದ್ಸಲ ಬುಟ್ಟೀವ್ನಿ ಕಣ್ಲಾ. ಬೋನು ನಾಳೆ ಎತ್ಕೊಂಡ್ ಹೋಯ್ತೀವಿ, ನಿನ್ ಆಡ ನೀನೇ ಬಿಚ್ಕೊ. ಇನ್ಮ್ಯಾಕೆ ಚಿರತೆ ಅಂತ ನಂಗೇನಾದ್ರೂ ಫೋನ್ ಮಾಡ್ದೆ, ನೋಡು!"

ಜೈಲು ತಪ್ಪಿತಲ್ಲ, ಅಷ್ಟೇ ಸಾಕಾಗಿತ್ತು. ಹೊತ್ತು ಮುಳುಗುವ ವೇಳೆಗೆ ಚೌರಪ್ಪ ಹಿಪ್ಪುನೇರಳೆ ತೋಟದಂಚಿಗೆ ಹೋಗಿ, ಅಲ್ಲಿ ಇಟ್ಟಿದ್ದ ಬೋನಿನೊಳಗೆ ನುಗ್ಗಿ ಹಗ್ಗ ಬಿಚ್ಚಿದ. ಆಡು ಅವನನ್ನು ಗುಮ್ಮಿಕೊಂಡು ಹೊರಗೆ ಹಾರಿತು. ಅವನು ಹಿಂದಕ್ಕೆ ಸರಿದು, ತುಳಿದರೆ ಬಾಗಿಲು ಬೀಳುವ ತಗಡಿನ ಮೇಲೆ ಕಾಲಿಟ್ಟ. ಬಾಗಿಲು ದಡಾರೆಂದು ಬಿತ್ತು.

ಎಷ್ಟು ಎತ್ತಿದರೂ ಬಾಗಿಲು ಮಿಸುಕಲಿಲ್ಲ. ಆಡು ತಿರುಗಿಯೂ ನೋಡದೆ ಮನೆ ಕಡೆ ನಡೆಯಿತು. ಯಾರನ್ನಾದರೂ ಕೂಗೋಣವೆಂದು ಬಾಯಿ ತೆರೆದಾಗ ಸೊಪ್ಪು ಸರಸರ ಎಂದಿತು.

ಸಾಲಿನ ನಡುವಿನಿಂದ ಚಿರತೆ ಬಂತು. ಮೈತುಂಬ ಚುಕ್ಕೆಯ ನಿಜವಾದ ಚಿರತೆ. ಬೋನಿನ ಸುತ್ತ ಒಂದು ಸುತ್ತು ಹಾಕಿ, ಸರಳಿಗೆ ಮೂಗು ಹಚ್ಚಿ ಚೌರಪ್ಪನನ್ನು ಮೂಸಿತು. ಮಾತಾಡಿದರೆ ಎಲ್ಲಿ ಮೈಮೇಲೆ ಹಾರುತ್ತದೋ ಎಂಬ ಭಯಕ್ಕೆ, ಚೌರಪ್ಪ ಎರಡೂ ಗುಂಪಿಗೆ ಬರೆದ:

"ಚಿರತೆ ಎದುರಿಗೇ ನಿಂತಿದೆ. ನಾನು ಬೋನಿನೊಳಗಿದ್ದೇನೆ. ಬೇಗ ಬಂದು ಬಿಡಿಸಿ."

ತಕ್ಷಣ ಫೋನು ಮಿನುಗಿತು. ಕೆಂಚಮ್ಮ ಕೈ ಮುಗಿದ ಚಿತ್ರ ಹಾಕಿದ್ದಳು. "ಬಹಳ ಚೆನ್ನಾಗಿ ಬರೆದಿದ್ದೀಯ ಚೌರಪ್ಪ. ಈ ಸಲ ಎಲ್ಲರಿಗೂ ಅರ್ಥವಾಗಿದೆ" ಎಂದು ಫಾದರ್ ಹೊಗಳಿದ್ದರು. ಅದರ ಕೆಳಗೆ ಸಾಲು ಸಾಲಾಗಿ ಆಮೆನ್, ಆಮೆನ್, ಆಮೆನ್.

ಚಿರತೆ ಬೋನಿನ ಬಾಗಿಲ ಮುಂದೆಯೇ ಕಾಲು ಚಾಚಿ ಮಲಗಿತು. ಕೊನೆಗೆ ಬಂದದ್ದು ಲೂರ್ದಮ್ಮನ ಮೆಸೇಜು:

"ಆಮೆನ್. ಆಡು ಮನೆಗೆ ಬಂತು."