ಹೊಳೆಯಲ್ಲಿ ಪೆಟ್ರೋಲ್ ಉಳಿಸಿದ್ದು

ಜಮಖಂಡಿ ಸಂಸ್ಥಾನಕ್ಕೆ ಇದ್ದದ್ದು ಒಂದೇ ಮೋಟಾರು ದೋಣಿ. ಓಡಿಸುವವನು ನಾನೊಬ್ಬನೇ, ಹೇಗೆ ಓಡಿಸಬೇಕೆಂದು ಹೇಳುವವರು ದರಬಾರಿನ ತುಂಬ. ಹೀಗಾಗಿ ಕೃಷ್ಣಾ ಹೊಳೆಗೆ ಇಳಿದಾಗೆಲ್ಲ ಏನಾದರೊಂದು ಆಗುತ್ತಲೇ ಇತ್ತು.

ಪೂಜೆ

ಮೋಟಾರು ಮುಂಬಯಿಯಿಂದ ಬಂತು. ದೋಣಿಯ ಹಿಂಭಾಗಕ್ಕೆ ತಗುಲಿಸುವ ಸಣ್ಣ ಯಂತ್ರ. ನೀರೊಳಗೆ ತಿರುಗಲು ಅದಕ್ಕೊಂದು ಪಂಖಾ. ಭಟ್ಟರು ಕುಂಕುಮ ಹಚ್ಚಿ, ಮಾರುದ್ದದ ಚೆಂಡುಹೂವಿನ ಮಾಲೆಯನ್ನು ಆ ಪಂಖಾಕ್ಕೇ ಸುತ್ತಿದರು.

"ಮಾಲಿ ತಗೀರಿ ಭಟ್ಟರ, ಪಂಖಾ ತಿರಗೂದಿಲ್ಲ," ಅಂದೆ.

"ಮುಹೂರ್ತದಾಗ ತಗದ್ರ ಅಪಶಕುನ!"

ಹಗ್ಗ ಎಳೆದೆ. ಮಾಲೆ ಬಿಗಿದು, ಮೋಟಾರು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಭಟ್ಟರು ಕೈಮುಗಿದರು: "ಎಷ್ಟ ಶಾಂತ ಸ್ವಭಾವ ನೋಡ್ರಿ!"

ರಿವಾಜು

ಸಂಸ್ಥಾನದ ಕಾರಭಾರಿ ಸಾಹೇಬರು ದೋಣಿಯ ಹಿಂಬದಿಯ ಗಾದಿಯ ಮೇಲೆ ಕೂಡುವವರು. ಅವರಿಗೆ ಬೆನ್ನು ತೋರಿಸಿ ಮುಂದೆ ಕೂಡುವ ಎದೆ ಯಾವ ಕಾರಕೂನನಿಗೂ ಇರಲಿಲ್ಲ. ಎಲ್ಲರೂ ಹಿಂದೆಯೇ ಒತ್ತಿಕೊಂಡು ಕೂತರು. ದೋಣಿಯ ಮೂತಿ ಆಕಾಶಕ್ಕೆ, ಬುಡ ನೀರಿಗೆ. ಮೋಟಾರು ಒದರುತ್ತ ಪೆಟ್ರೋಲ್ ಕುಡಿಯುತ್ತಿತ್ತು. ದಂಡೆಯಲ್ಲಿ ಮೇಯುತ್ತ ಹೊರಟಿದ್ದ ಎಮ್ಮೆ ನಮ್ಮನ್ನು ದಾಟಿ ಹೋಯಿತು.

"ಇಬ್ಬರು ಮುಂದ ಹೋಗಿ ಕುಂತ್ರ ದೋಣಿ ಸಮಾ ಆಗತೈತ್ರಿ," ಅಂದೆ.

ಸಾಹೇಬರು ಮೇಲೆದ್ದ ಮೂತಿಯನ್ನು ನೋಡಿ ತಲೆದೂಗಿದರು. "ಇರಲಿ ಬಿಡು. ನಾವು ಕುಂತಾಗ ಅದು ಎದ್ದು ನಿಲ್ಲೂದ ರಿವಾಜು."

ಉಳಿತಾಯ

ಯುದ್ಧ ಬಂತು, ಪೆಟ್ರೋಲ್ ಸಿಗುವುದು ಕಷ್ಟವಾಯಿತು. ಸಾಹೇಬರು ನನ್ನನ್ನು ಕರೆಸಿದರು.

"ಕಡಿಮಿ ಪೆಟ್ರೋಲ್‌ದಾಗ ಓಡಸೂದು ಹ್ಯಾಂಗ?"

"ಭಾರ ಕಡಿಮಿ ಇರಬೇಕ್ರಿ, ಅರ್ಧಾ ವೇಗದಾಗ ಹೋಗಬೇಕ್ರಿ. ಹರಿವಿನ ಕೂಡ ಹೋದ್ರ ಇನ್ನೂ ಕಡಿಮಿ ಸಾಕ್ರಿ."

ಕೊನೆಯ ಮಾತಷ್ಟೇ ಅವರ ಕಿವಿಗೆ ಬಿತ್ತು. ಮರುದಿನವೇ ಹುಕುಂ: ಸರಕಾರಿ ದೋಣಿ ಇನ್ನು ಹರಿವಿನ ಕಡೆಗೆ ಮಾತ್ರ ಹೋಗತಕ್ಕದ್ದು.

ಸಾಹೇಬರೂ ನಾನೂ ಹೊರಟೆವು. ಮೋಟಾರು ಬಂದ್ ಮಾಡಿಸಿದರು. ಹೊಳೆ ತಾನೇ ಒಯ್ಯಿತು. "ಒಂದ ಹನಿ ಖರ್ಚಿಲ್ಲ!" ಎಂದು ಸಾಹೇಬರು ಊರು ದಾಟಿದಂತೆಲ್ಲ ಹಿಗ್ಗಿದರು. ಹೊತ್ತು ಇಳಿಯತೊಡಗಿದಾಗ ಮನೆ ನೆನಪಾಯಿತು.

"ಸಾಕು, ತಿರಗಸು."

"ಹುಕುಂ ಐತಲ್ರಿ, ಸಾಹೇಬ್ರ."

ಸಾಹೇಬರ ಮುಖ ಸಪ್ಪಗಾಯಿತು. ಡಬ್ಬಿಯಲ್ಲಿ ಪೆಟ್ರೋಲ್ ಇತ್ತು; ಆದರೆ ತಮ್ಮ ಹುಕುಮನ್ನು ತಾವೇ ಮುರಿದರೆ ನಾಳೆ ಯಾರು ಪಾಲಿಸುತ್ತಾರೆ? ಬಹಳ ಹೊತ್ತು ಯೋಚಿಸಿ, ದಂಡೆಯ ಊರಿನಿಂದ ಎತ್ತಿನ ಚಕ್ಕಡಿ ತರಿಸಿದರು. ದೋಣಿಯನ್ನು ಅದರ ಮೇಲೇರಿಸಿ ಕಟ್ಟಿಸಿ, ತಾವು ದೋಣಿಯೊಳಗೆ ಗಾದಿಯ ಮೇಲೆ ಕೂತರು.

ದಾರಿಯಲ್ಲಿ ಕೊಡ ಹೊತ್ತ ಮುದುಕಿಯೊಬ್ಬಳು ಬಾಯಿ ಬಿಟ್ಟುಕೊಂಡು ನಿಂತಳು. "ಯಪ್ಪಾ, ನೀರಿಲ್ಲದ ದೋಣಿ ಹೊಂಟೈತಲ್ರೀ!"

ಸಾಹೇಬರು ಎದೆ ಉಬ್ಬಿಸಿ ಅಂದರು: "ಪೆಟ್ರೋಲ್ ಇಲ್ಲದನೂ ಹೊಂಟೈತಿ ನೋಡವ್ವಾ!"