ಅಂಜಲ್ ಬೇಡ ಅಂದ ಭಾವ

ಒಂಚೂರು ತಡೆಯಿರಿ, ಬೆರಳು ಜಾರಿಸಿ ಮುಂದೆ ಹೋಗಿಬಿಡಬೇಡಿ! ಈಗ ಹೇಳುವುದನ್ನು ನೀವು ನಂಬುವುದಿಲ್ಲ ಅಂತ ನನಗೆ ಗೊತ್ತು. ಆದರೂ ಹೇಳಿಯೇ ತೀರುತ್ತೇನೆ. ಕುಂದಾಪುರದಿಂದ ಬೈಂದೂರಿನವರೆಗಿನ ಈ ಇಡೀ ಕರಾವಳಿಯಲ್ಲಿ, ಪುಕ್ಕಟೆ ಅಂಜಲ್ ಮೀನು ಕೊಟ್ಟರೆ ಮುಖ ಸಣ್ಣ ಮಾಡಿಕೊಳ್ಳುವ ಮನುಷ್ಯ ಒಬ್ಬರೇ ಒಬ್ಬರು ಇದ್ದಾರೆ. ತುಂಡು ಅಂಜಲ್ ಅಲ್ಲ ಮಾರಾಯ್ರೇ, ತಲೆಯಿಂದ ಬಾಲದವರೆಗೆ ಇಡೀ ಅಂಜಲ್! ಅದರ ರೇಟು ಕೇಳಿಯೇ ನಮ್ಮಲ್ಲಿ ಅರ್ಧ ಜನ ಹೊಟ್ಟೆ ತುಂಬಿಸಿಕೊಂಡು ಮಾರ್ಕೆಟ್ಟಿನಿಂದ ವಾಪಸು ಬರುತ್ತಾರೆ. ಆ ಮಹಾನುಭಾವರು ಬೇರೆ ಯಾರೂ ಅಲ್ಲ, ನನ್ನ ಭಾವ. ಅಕ್ಕನ ಗಂಡ.

ಭಾವನ ಅಪ್ಪ ಬಂದರುಗಳಲ್ಲಿ ಕ್ರೇನ್ ನಡೆಸುತ್ತಿದ್ದವರು. ಕಂಪನಿ ಎಲ್ಲಿ ಬಂದರು ಕಟ್ಟುತ್ತದೋ ಅಲ್ಲಿಗೆ ಕ್ರೇನ್, ಕ್ರೇನಿನ ಹಿಂದೆ ಅಪ್ಪ, ಅಪ್ಪನ ಹಿಂದೆ ಅಮ್ಮ, ಅಮ್ಮನ ಸೊಂಟದ ಮೇಲೆ ನಮ್ಮ ಭಾವ. ಒಂದು ದೇಶದ ಶಾಲೆಯಲ್ಲಿ ರಾಷ್ಟ್ರಗೀತೆ ಬಾಯಿಪಾಠ ಆಗುವಷ್ಟರಲ್ಲಿ ಬಂದರಿನ ಕೆಲಸ ಮುಗಿಯುತ್ತಿತ್ತು! ಮತ್ತೆ ಹೊಸ ದೇಶ, ಹೊಸ ಗೀತೆ. ಈಗಲೂ ಭಾವ ಸ್ನಾನ ಮಾಡುವಾಗ ಒಂದು ದೇಶದಲ್ಲಿ ಶುರು ಮಾಡಿ ಇನ್ನೊಂದು ದೇಶದಲ್ಲಿ ಮುಗಿಸುತ್ತಾರೆ. ಹೊರಗೆ ಕೂತ ನಮಗೆ ಎದ್ದು ನಿಲ್ಲಬೇಕೋ ಬೇಡವೋ ಎಂಬ ಗೊಂದಲ.

ದೊಡ್ಡವರಾದ ಮೇಲೆ ಐಸ್ ಮಾಡುವ ಯಂತ್ರಗಳ ಕೆಲಸ ಕಲಿತು, ಬ್ರಹ್ಮಾವರದ ಒಂದು ಐಸ್ ಪ್ಲಾಂಟಿಗೆ ಯಂತ್ರ ಕೂರಿಸಲು ಬಂದರು. ಅಲ್ಲಿನ ಆಫೀಸಿನಲ್ಲಿ ನಮ್ಮಕ್ಕ ಇದ್ದಳು. ಯಂತ್ರವೂ ಕೂತಿತು, ಭಾವನೂ ಕೂತರು! ಮದುವೆಯಾಗಿ ಬೈಂದೂರು ಹತ್ತಿರ, ನಮ್ಮ ಕಡಲತೀರದಲ್ಲೇ ಒಂದು ಪುಟ್ಟ ಮನೆ ಮಾಡಿದರು.

ಇಲ್ಲಿಂದ ತಮಾಷೆ ಶುರು. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಮುಖ ನೋಡುವ ಮೊದಲು ಊರು ಕೇಳುತ್ತಾರಲ್ಲ? ಒಂದು ಸಲ ಕುಂದಾಪುರದಿಂದ ಬರುವಾಗ ಭಾವನ ಪಕ್ಕ ಒಬ್ಬರು ಮುದುಕಿ ಕೂತಿದ್ದರಂತೆ.

"ಯಾವೂರಾಯ್ತ್ ಮಗಾ?"

ಬೇರೆಯವರಾದರೆ ಒಂದು ಶಬ್ದದಲ್ಲಿ ಮುಗಿಸುವ ಉತ್ತರ. ಭಾವ ಅವರ ಕಡೆ ತಿರುಗಿ ಸರಿಯಾಗಿ ಕೂತರು.

"ಹುಟ್ಟದ್ದ್ ಮಸ್ಕತ್ತಗೆ ಅಮ್ಮ. ಹಲ್ಲ್ ಬಂದದ್ದ್ ಕೊಲಂಬೊದಗೆ. ಆ ಹಲ್ಲ್ ಬಿದ್ದದ್ದ್ ಮೊಂಬಾಸದಗೆ. ಮೀಸಿ ಬಂದದ್ದ್ ಪೆನಾಂಗಗೆ."

"ಹಲ್ಲ್ ಮೀಸಿ ಎಲ್ಲ ಇರ್ಲಿ ಮಾರಾಯ. ಅಪ್ಪನ್ ಮನಿ ಎಲ್ಲಿ?"

"ಅಪ್ಪ ವಂಡ್ಸೆಯರ್."

"ಇಲ್ಲೇ ವಂಡ್ಸೆ ಅಂದ್ಹೇಳಿ ಹೇಳೂಕೆ ಇಷ್ಟ್ ಸುತ್ತ್ ಬಂದ್ಯಾ! ಹ್ವಾಯ್ ಕಂಡಕ್ಟ್ರೇ, ನಿಲ್ಸಿ ನಿಲ್ಸಿ! ವಂಡ್ಸೆಗ್ ಹೋಪ್ ಗಂಡ್ ಇತ್ತ್ ಇಲ್ಲಿ, ಹೆಮ್ಮಾಡಿಯಗೆ ಇಳಿಕ್!"

ಸೀಟಿ ಊದಿ ಆಯಿತು, ಬಸ್ಸು ನಿಂತೂ ಆಯಿತು, ಭಾವ ಇಳಿದೂ ಆಯಿತು! ವಂಡ್ಸೆಯಲ್ಲಿ ಅವರಿಗೆ ಇಂದು ಮನೆಯೂ ಇಲ್ಲ, ಗುರುತಿನವರೂ ಇಲ್ಲ. ಹೆಮ್ಮಾಡಿಯ ಬಿಸಿಲಲ್ಲಿ ನಿಂತು ಅಕ್ಕನಿಗೆ ಫೋನ್ ಮಾಡಿದರು.

"ಇಳೂದ್ ಎಂತಕ್ಕೆ ನೀವ್?" ಅಕ್ಕ ತಲೆ ಚಚ್ಚಿಕೊಂಡಳು.

"ಅಷ್ಟ್ ಪ್ರೀತಿಯಗೆ ಇಳ್ಸುವತ್ತಿಗೆ ಇಳೀದೆ ಇಪ್ಪುಕೆ ಆತ್ತಾ?"

ಇನ್ನೊಂದು ಕೇಳಿ. ಭಾವ ಪ್ರತಿ ದೇಶದಿಂದಲೂ ಒಂದೊಂದು ಮರ್ಯಾದೆ ಕಟ್ಟಿಕೊಂಡು ಬಂದಿದ್ದಾರೆ. ಮಸ್ಕತ್ತಿನ ಕಡೆ ಕಾಫಿ ಸಾಕು ಎನ್ನಲು ಬಾಯಿ ಬಿಡಬೇಕಾಗಿಲ್ಲವಂತೆ, ಖಾಲಿ ಲೋಟವನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಆಯಿತಂತೆ. ಮದುವೆಯಾದ ಹೊಸದರಲ್ಲಿ ನಮ್ಮಮ್ಮ ಚಾ ಕೊಟ್ಟರು. ಭಾವ ಕುಡಿದು ಲೋಟ ಅಲ್ಲಾಡಿಸಿದರು. ಅಮ್ಮ ಏನು ತಿಳಿದುಕೊಳ್ಳಬೇಕು? ತಳದಲ್ಲಿ ಚಾಪುಡಿ ಉಳಿದಿದೆ ಅಂತ ತಿಳಿದು ಲೋಟ ತೊಳೆದು ಹೊಸ ಚಾ ತುಂಬಿಸಿದರು. ತುಂಬಿಸಿದ್ದನ್ನು ಬಿಡುವುದು ಕೊಲಂಬೊದಲ್ಲಿ ಅವಮರ್ಯಾದೆ! ಭಾವ ಕುಡಿದರು. ಮತ್ತೆ ಅಲ್ಲಾಡಿಸಿದರು.

"ಪಾಪ, ಇನ್ನೂ ಬೇಕಂಬ್ರ್. ಬಾಯ್ ಬಿಟ್ ಕೇಳೂಕೆ ನಾಚ್ಕಿ ಅಳಿಯಂದ್ರಿಗೆ," ಅಂತ ಅಮ್ಮ ಪಾತ್ರೆಯನ್ನೇ ತಂದರು.

ಕೊನೆಗೆ ಭಾವನ ಮರ್ಯಾದೆ ಮುಗಿಯುವ ಮೊದಲು ನಮ್ಮನೆಯ ಚಾಪುಡಿ ಮುಗಿಯಿತು!

ನಗು ಬಂತಾ? ನನಗೂ ಬಂದಿತ್ತು. ಆದರೆ ಭಾವನಿಗೆ ಒಂದೇ ಒಂದು ವಿಷಯದಲ್ಲಿ ನಗು ಬರುತ್ತಿರಲಿಲ್ಲ. ಅದು ಕೈರಂಪಣಿ.

ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ದೋಣಿಯಲ್ಲಿ ಹೋಗಿ ಕಡಲಲ್ಲಿ ಅರ್ಧಚಂದ್ರದ ಹಾಗೆ ಉದ್ದ ಬಲೆ ಬಿಟ್ಟು, ಅದರ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತು ಊರವರೆಲ್ಲ ಎಳೆಯುವುದು ಕೈರಂಪಣಿ. ಬಲೆ ಮೇಲೆ ಬಂದಮೇಲೆ ಮೀನನ್ನು ಮರಳಿನ ಮೇಲೆ ರಾಶಿ ರಾಶಿ ಮಾಡುತ್ತಾರೆ. ನಮ್ಮಲ್ಲಿ ಬಲೆಯ ಯಜಮಾನಿಕೆ ನನ್ನ ದೊಡ್ಡಪ್ಪನದು. ಅವರು ರಾಶಿಗಳಿಗೆ ಬೆನ್ನು ಹಾಕಿ, ಕಡಲು ನೋಡುತ್ತಾ ನಿಲ್ಲುತ್ತಾರೆ. ಒಬ್ಬರು ಒಂದು ರಾಶಿ ಮುಟ್ಟಿ "ಇದ್ ಯಾರಿಗೆ?" ಎನ್ನುತ್ತಾರೆ. ದೊಡ್ಡಪ್ಪ ತಿರುಗಿ ನೋಡದೆ ಒಂದು ಮನೆಯ ಹೆಸರು ಕೂಗುತ್ತಾರೆ. ಆ ರಾಶಿ ಆ ಮನೆಗೆ. ದೊಡ್ಡದೋ ಸಣ್ಣದೋ, ತಕರಾರಿಲ್ಲ. ಇದಕ್ಕೆ ಪಾಲು ಅಂತ ಹೆಸರು.

ನೆಂಟರಿಗೆ ಪಾಲು ಇಲ್ಲ. ಹಾಗಂತ ಅವರನ್ನು ಬರಿಗೈಯಲ್ಲಿ ಕಳಿಸುತ್ತಾರೆಯೇ? ರಾಶಿ ಮಾಡುವ ಮೊದಲೇ ಬಲೆಯ ಅತಿ ಒಳ್ಳೆಯ ಮೀನು ಎತ್ತಿ ಅವರ ಕೈಗೆ ಕೊಡುತ್ತಾರೆ. ಈಗ ನೀವೇ ಹೇಳಿ, ಅಳಿಯನಿಗಿಂತ ದೊಡ್ಡ ನೆಂಟ ಯಾರು?

ಭಾವ ಮೊದಲ ಭಾನುವಾರ ಹಗ್ಗ ಹಿಡಿಯಲು ಓಡಿದರು. ಅಷ್ಟರಲ್ಲಿ ಮರಳಿನ ಮೇಲೆ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಬಂದಾಗಿತ್ತು!

"ಅಳಿಯಂದ್ರ್ ಸುಮ್ನೆ ಕೂಕಣಿ. ಕೈ ಸುಲಿತ್ತ್," ಅಂದರು ದೊಡ್ಡಪ್ಪ.

ಊರೆಲ್ಲ ಬೆವರು ಸುರಿಸಿ ಎಳೆಯುವುದು, ನಡುವೆ ಭಾವ ಮದುಮಗನ ಹಾಗೆ ಕುರ್ಚಿಯಲ್ಲಿ! ಎಳೆಯುವವರು ಪಕ್ಕಕ್ಕೆ ಸರಿದ ಹಾಗೆ ಕುರ್ಚಿಯನ್ನೂ ಸರಿಸುತ್ತಿದ್ದರು. ಮುಂದಿನ ವಾರ ಭಾವ ಹಟ ಹಿಡಿದು ಹಗ್ಗಕ್ಕೆ ಕೈ ಹಾಕಿದರು. ಹಾಕಿದ್ದೇ ಹಾಕಿದ್ದು, ಮೊಂಬಾಸದಲ್ಲಿ ಕಲಿತ, ಎಲ್ಲರೂ ಒಟ್ಟಾಗಿ ಎಳೆಯಿರಿ ಎನ್ನುವ ಕೂಗು ಹೊರಗೆ ಬಂತು: "ಹರಂಬೇ!"

ನಮ್ಮವರಿಗೆ ಅಷ್ಟೇ ಸಾಕಲ್ಲ? ಇಡೀ ಸಾಲು "ಹರಂಬೇ!" ಅಂತ ಉತ್ತರ ಕೊಟ್ಟಿತು.

"ಹ್ವಾಯ್, ಎಂತ ಕೂಗುದ್ ಅದ್? ನಮ್ ಮೀನಿಗ್ ಅರ್ಥ ಆಯ್ಕಲ್ದಾ?" ಎಂದು ದೊಡ್ಡಪ್ಪ ನಕ್ಕರು. ಮೀನಿಗೆ ಅರ್ಥವಾಯಿತೋ ಏನೋ, ಬಲೆ ತುಂಬ ಬಂತು. ಭಾವ ಅಂಗೈ ನೋಡಿಕೊಂಡರು, ಚರ್ಮ ಎದ್ದಿತ್ತು. ಇವತ್ತು ಪಾಲು ಖಂಡಿತ ಅಂತ ಸಾಲಿನಲ್ಲಿ ನಿಂತರು. ದೊಡ್ಡಪ್ಪ ಬಂದು ಪ್ರೀತಿಯಿಂದ ಕೈಯಲ್ಲಿ ಇಟ್ಟದ್ದು ಏನು? ಅಂಜಲ್!

ಹೀಗೆ ವಾರ ವಾರವೂ ಎಳೆಯುವುದು, ವಾರ ವಾರವೂ ಅಂಜಲ್, ಇಲ್ಲವಾದರೆ ಪಾಂಪ್ಲೆಟ್ ಮೀನು. ನಮ್ಮಮ್ಮನಿಗೆ ಸ್ವರ್ಗ! ಭಾವ ಮಾತ್ರ ಮೀನನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಮ್ಮ ಮನೆಯ ಜಗಲಿಯಲ್ಲಿ ಸುಮ್ಮನೆ ಕೂರುವುದು.

"ಎಂತ ಭಾವ, ಮೀನ್ ಸತ್ತದ್ದಕ್ಕೆ ಬೇಜಾರಾ?" ಅಂತ ಒಮ್ಮೆ ನಾದಿನಿಯ ಸಲುಗೆಯಲ್ಲಿ ಛೇಡಿಸಿದೆ.

ಭಾವ ನಗಲಿಲ್ಲ. "ಹೆಣೆ, ಹೋದ್ ಶಾಲಿಯಗೆಲ್ಲ ನಾನ್ ಹೊಸಬ. ಮಿಠಾಯಿ ಹಂಚುಕೆ ಶುರು ಮಾಡ್ರೆ ಮೊದ್ಲ್ ನಂಗೇ ಕೊಡ್ತಿದ್ರ್. ಒಳ್ಳೆ ಬೆಂಚ್ ನಂಗೇ ಬಿಡ್ತಿದ್ರ್. ಆಟಕ್ಕ್ ಗುಂಪ್ ಮಾಡುವತ್ತಿಗೆ ಮಾತ್ರ ನನ್ ಹೆಸ್ರ್ ಯಾರೂ ಕೂಗ್ತಿರ್ಲಿಲ್ಲೆ. ನಂಗ್ ಒಳ್ಳೆ ಮೀನ್ ಬ್ಯಾಡ. ಎಲ್ಲರಿಗ್ ಸಿಕ್ಕುದ್ ನಂಗೂ ಸಿಕ್ಕಿರ್ ಸಾಕ್."

ಆ ದಿನ ಅಂಜಲ್ ಹುರಿದದ್ದು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಸರಿ, ಸತ್ಯ ಹೇಳುತ್ತೇನೆ, ಇಳಿಯಿತು, ಆದರೆ ಸ್ವಲ್ಪ ನಿಧಾನವಾಗಿ ಇಳಿಯಿತು.

ಮೊನ್ನೆ ಒಂದು ಭಾನುವಾರ ಸಾಲಿಗ್ರಾಮದಲ್ಲಿ ಯಾರದೋ ಮದುವೆ. ಅರ್ಧ ಊರು ಅಲ್ಲಿ, ಅದೇ ಹೊತ್ತಿಗೆ ದಡದ ಹತ್ತಿರ ಬಂಗುಡೆಯ ಹಿಂಡು! ಜನ ಸಾಲದೆ ದೊಡ್ಡಪ್ಪ ಆಚೆ ಈಚೆ ನೋಡಿದರು. ಕುರ್ಚಿ ತರುವವರೂ ಮದುವೆಗೆ ಹೋಗಿದ್ದರು. ಬೇರೆ ದಾರಿಯಿಲ್ಲದೆ ಭಾವನನ್ನು ನೀರಿನ ಅಂಚಿನಲ್ಲಿ ನಿಲ್ಲಿಸಿದರು.

"ಬಲಿ ಅಡಿಹಗ್ಗ ಮೆಟ್ಕಂಡ್ ನಿಲ್ಲಿ. ಕಾಲ್ ಎತ್ತುಕಾಗ. ಎತ್ರೆ ಮೀನೆಲ್ಲ ಅಡಿಯಗೆ ನುಗ್ಗಿ ಹ್ವಾತ್ತ್."

ಭಾವ ಕಂಬದ ಹಾಗೆ ನಿಂತರು. ಬಲೆ ಹತ್ತಿರ ಬಂತು, ನೀರು ಕುದಿಯುವ ಹಾಗೆ ಮೀನು ಹಾರತೊಡಗಿತು. ಸರಿಯಾಗಿ ಆ ಗಳಿಗೆಯಲ್ಲಿ ನಮ್ಮಮ್ಮ ಬಂದರು, ಕೈಯಲ್ಲಿ ಚಾ ಲೋಟ! ಅಳಿಯಂದಿರು ಬಿಸಿಲಲ್ಲಿ ನಿಂತಿದ್ದಾರಲ್ಲ, ತಡೆಯುತ್ತದೆಯೇ ಅತ್ತೆಯ ಜೀವ?

ಹಿರಿಯರು ಏನಾದರೂ ಕೊಟ್ಟರೆ ನಿಂತಲ್ಲಿಂದ ಕೈ ಚಾಚಬಾರದು, ಒಂದು ಹೆಜ್ಜೆ ಮುಂದೆ ಬಂದು ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ಇದು ಭಾವ ಬೆಳೆದ ಎಲ್ಲ ದೇಶಗಳೂ ಒಟ್ಟಾಗಿ ಅವರ ಮೈಗೆ ಹತ್ತಿಸಿದ ಪಾಠ. ಭಾವ ಒಂದು ಹೆಜ್ಜೆ ಮುಂದೆ ಬಂದರು. ಎರಡೂ ಕೈ ಚಾಚಿದರು.

ಹಗ್ಗ ಎದ್ದಿತು. ಬಂಗುಡೆಗಳು ಬೆಳ್ಳಿಯ ಹೊಳೆ ಹರಿದ ಹಾಗೆ ಅಡಿಯಿಂದ ನುಗ್ಗಿ ಕಡಲು ಸೇರಿದವು!

ಅವುಗಳ ಹಿಂದೆಯೇ ದೊಡ್ಡಪ್ಪನ ಸದ್ದು. ಅಳಿಯಂದಿರು ಅಳಿಯಂದಿರು ಎನ್ನುತ್ತಿದ್ದ ಅದೇ ಬಾಯಿ!

"ಹ್ವಾಯ್! ಅಡಿಹಗ್ಗ ಬಿಟ್ ಚಾ ಕುಡಿತ್ಯಾ? ಕಾಲ್ ನಿಂದಾ, ನಿನ್ ಅತ್ತೆದಾ? ಒಂದ್ ಕಡಲ್ ಬಂಗ್ಡಿ ಕಳ್ಸಿ ಕೊಟ್ಯಲ್ಲ ಮಾರಾಯ! ಚಾ ತಣ್ದ್ರೆ ಮತ್ತ್ ಬಿಸಿ ಮಾಡ್ಲಕ್ಕ್, ಹೋದ್ ಮೀನ್ ವಾಪಾಸ್ ಕರೂಕೆ ಆತ್ತಾ? ಮೆಟ್ಟ್! ಗಟ್ಟಿ ಮೆಟ್ಟ್!"

ಅಮ್ಮ ಹೌಹಾರಿದರು. "ಅಯ್ಯೋ, ಅಳಿಯಂದ್ರಿಗ್ ಹೀಂಗೆಲ್ಲ ಬೈತ್ರಾ?"

"ಅಳಿಯ ನಿನ್ ಮನಿಯಗೆ. ಇಲ್ಲ್ ಅವ ಹಗ್ಗ ಬಿಟ್ಟವ!"

ನಾನು ಭಾವನ ಮುಖ ನೋಡಿದೆ. ಅತ್ತುಬಿಡುತ್ತಾರೆ ಅಂದುಕೊಂಡಿದ್ದೆ. ಇಲ್ಲ! ಹಗ್ಗವನ್ನು ಎರಡೂ ಕಾಲಲ್ಲಿ ಮೆಟ್ಟಿ, ಎದೆ ಸೆಟೆಸಿ ನಿಂತಿದ್ದರು. ಬೈಗುಳ ತಿಂದು ಅಷ್ಟು ಹೊಳೆಯುವ ಮುಖವನ್ನು ನಾನು ಎಲ್ಲೂ ನೋಡಿಲ್ಲ, ಸನ್ಮಾನದ ಶಾಲು ಹೊದ್ದವರಲ್ಲೂ ನೋಡಿಲ್ಲ.

ಉಳಿದ ಮೀನು ದಡಕ್ಕೆ ಬಂತು. ಬಲೆಯಲ್ಲಿ ಒಂದು ಅಂಜಲ್ ಇತ್ತು. ದೊಡ್ಡಪ್ಪ ಅದನ್ನು ಎತ್ತಿದರು. ಭಾವ ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು, ಮೀನಲ್ಲ ಅದು ಹಾವು ಎಂಬ ಹಾಗೆ! ದೊಡ್ಡಪ್ಪ ಅವರ ಕಡೆ ನೋಡಲೂ ಇಲ್ಲ. ಬಲೆ ಹೊಲಿಸುವ ಖರ್ಚಿಗೆ ಅಂತ ಅಂಜಲನ್ನು ಮಾರುವ ಬುಟ್ಟಿಗೆ ಎಸೆದು, ರಾಶಿಗಳಿಗೆ ಬೆನ್ನು ಹಾಕಿ ನಿಂತರು.

"ಇದ್ ಯಾರಿಗೆ?"

"ಬಡಾಮನಿ!"

"ಇದ್ ಯಾರಿಗೆ?"

"ತೋಡಿನ್ ಮನಿ!"

ಒಂದೊಂದೇ ರಾಶಿ ಎದ್ದು ಹೋಯಿತು. ಕೊನೆಗೆ ಒಂದು ಸಣ್ಣ ರಾಶಿ ಉಳಿಯಿತು.

"ಇದ್ ಯಾರಿಗೆ?"

ದೊಡ್ಡಪ್ಪ ಕಡಲು ನೋಡುತ್ತಲೇ ಸೊಂಟದ ಪಂಚೆ ಬಿಗಿ ಮಾಡಿಕೊಂಡರು. ಆಮೇಲೆ ಕೂಗಿದರು: "ಗಾಳಿಮರದ್ ಮನಿ!"

ಎಲ್ಲರೂ ಮುಖ ಮುಖ ನೋಡಿಕೊಂಡರು. ಆ ಹೆಸರಿನ ಮನೆ ನಮ್ಮೂರಲ್ಲಿ ಇಲ್ಲವೇ ಇಲ್ಲ! ಮರಳಿನ ದಿಬ್ಬದ ಮೇಲೆ ಗಾಳಿಮರಗಳ ಸಾಲು ಉಂಟು, ಸರಿ. ಅದರ ಬುಡದಲ್ಲಿ ಇರುವುದು ಒಂದೇ ಮನೆ. ನಮ್ಮ ಅಕ್ಕ ಭಾವನ ಮನೆ.

"ಗಾಳಿಮರದ್ ಮನಿಯರ್ ಎಲ್ಲಿ ಸತ್ತ್ರ್? ಮೀನ್ ಕಾಗಿ ತಿಂದ್ಮೇಲೆ ಬತ್ರಾ?"

"ಬಂದೆ! ಬಂದೆ!" ಭಾವ ಬಿದ್ದೆನೋ ಎದ್ದೆನೋ ಅಂತ ಓಡಿದರು.

ಎಂತಹ ಪಾಲು ಅಂತೀರಿ! ಒಂದು ಬೊಗಸೆ ಬೂತಾಯಿ, ಬಾಲ ಹರಿದ ಬಂಗುಡೆ, ಒಂಟಿ ಕೊಂಬಿನ ಒಂದು ಏಡಿ. ಅಂಗಿ ಬಿಚ್ಚಿ ಅದರಲ್ಲಿ ಕಟ್ಟಿಕೊಂಡರು. ಮನೆ ಎದುರಿಗೇ ಕಾಣುತ್ತಿತ್ತು. ಆದರೆ ಭಾವ ಹೋದದ್ದು ಬಸ್‌ಸ್ಟ್ಯಾಂಡಿನ ದಾರಿಯಲ್ಲಿ, ಇಡೀ ಊರು ಸುತ್ತಿ! ಹಿಂದೆ ಹಿಂದೆ ನಾನು.

"ಎಂತ ಅಳಿಯಂದ್ರೆ, ಇಷ್ಟೇ ಮೀನಾ ಇವತ್ತ್?" ಬುಟ್ಟಿ ಹೊತ್ತ ಹೆಂಗಸರು ಕೇಳಿದರು.

"ಇದ್ ಪಾಲ್ ಮರ್ರೆ! ಎಲ್ಲರ್ ಮನಿಗೂ ಇಷ್ಟೇ!"

ಅಕ್ಕ ಬಾಗಿಲಲ್ಲೇ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. "ಹುರಿಕಾ, ಫ್ರೇಮ್ ಹಾಕ್ಸುಕಾ?"

ಭಾವ ಅಂಗಿಯ ಗಂಟನ್ನು ಜಗಲಿಯ ಮೇಲೆ ಬಿಚ್ಚಿ, ಪೆನಾಂಗಿನಲ್ಲಿ ಮಗಳ ಮನೆಯಲ್ಲಿರುವ ತಮ್ಮ ಅಮ್ಮನಿಗೆ ವಿಡಿಯೊ ಕಾಲ್ ಹಚ್ಚಿದರು. ಹೋದ ಹೋದ ದೇಶದಲ್ಲಿ ಮನೆಯ ಬಾಗಿಲು ಹಾಕಿಕೊಂಡು, ಮಗನ ಜೊತೆ ಬರೀ ಕುಂದಾಪ್ರ ಕನ್ನಡ ಮಾತಾಡಿದ ಹೆಂಗಸು ಅವರು. ಆ ಭಾಷೆಗೆ ಉತ್ತರ ಕೊಡುವ ಊರೊಂದು ಮಗನಿಗೆ ಎಂದಾದರೂ ಸಿಗುತ್ತದೆ ಅಂತ ಅವರಿಗೆ ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ.

"ಅಮ್ಮ, ಕಾಣ್. ಪಾಲ್ ಸಿಕ್ತ್."

"ಪಾಲಾ? ಎಂತ ಅಂದ್ಹೇಳಿ ಕೂಗ್ರ್ ಮಗಾ?"

"ಗಾಳಿಮರದ್ ಮನಿ."

ಆ ಕಡೆಯಿಂದ ಮಾತೇ ಇಲ್ಲ. ನೆಟ್‌ವರ್ಕ್ ಹೋಯಿತು ಅಂತ ನಾನು ಬಗ್ಗಿ ನೋಡಿದೆ. ನೆಟ್‌ವರ್ಕ್ ಸರಿಯಿತ್ತು. ಅವರು ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು.

"ಇನ್ನೊಂದ್ ಸಲ ಹೇಳ್," ಅಂದರು.

ಭಾವ ಇನ್ನೊಂದು ಸಲ ಹೇಳಿದರು.

ಈಗ ನಿಮ್ಮ ಸರದಿ. ಹೊರಗಿನಿಂದ ಹೋಗಿ ಒಂದು ಊರಿಗೆ ಸೇರಿದವರು ನಿಮ್ಮಲ್ಲೂ ಇದ್ದೇ ಇರುತ್ತಾರೆ. ನಿಮ್ಮನ್ನು ಮೊತ್ತಮೊದಲು ತಮ್ಮವರ ಹಾಗೆ ಬೈದವರು ಯಾರು? ಯಾವ ತಪ್ಪಿಗೆ? ಸಂಕೋಚ ಮಾಡಬೇಡಿ, ಬರೆದು ಕಳಿಸಿ. ಒಂದೊಂದನ್ನೂ ನಮ್ಮ ಭಾವನಿಗೆ ನಾನೇ ಗಟ್ಟಿಯಾಗಿ ಓದಿ ಹೇಳುತ್ತೇನೆ.